ಕಡಲತ್ತೆ ನಿದ್ದೆಹೋದ ಹೊತ್ತು

ಹೊಳೆ ಹೋಗಿ ಕಡಲಿಗೆ ಬೀಳುವ ಕಡೆ ಒಂದಾನೊಂದು ಊರಿತ್ತಂತೆ. ಊರಿನ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರ ಮೊಮ್ಮಕ್ಕಳು ಬಂದು, ನಮ್ಮಜ್ಜಿಯ ಸುದ್ದಿ ಯಾಕೆ ಎತ್ತಿದಿರಿ ಅಂತ ಜಗಲಿ ಮೇಲೆ ಕೂರುತ್ತಾರೆ. ಆಮೇಲೆ ಅವರಿಗೆ ಚಾ ಕಾಸಿ ಕೊಡುವವರು ಯಾರು?

ಆ ಊರಲ್ಲಿ ಎರಡು ಕೇರಿ. ನೀರಿನ ದಂಡೆಗೆ ಅಂಬಿಗರ ಕೇರಿ, ದಿಬ್ಬದ ಮೇಲೆ ಗೌಡರ ಕೊಪ್ಪ. ಅಂಬಿಗರ ಕೈಯಲ್ಲಿ ಬಲೆ, ಗೌಡರ ಕೈಯಲ್ಲಿ ಗುದ್ದಲಿ. ಎರಡೂ ಕೇರಿಯ ನಡುವೆ ಒಂದೇ ಒಂದು ಬಯಲು. ಕಡಲಿನ ಉಪ್ಪುನೀರೂ ಗುಡ್ಡದ ಸಿಹಿನೀರೂ ಬಂದು ಹೋಗುವ ಜವುಗು ನೆಲ, ಗಜನಿ ಅಂತಾರೆ ಅದಕ್ಕೆ. ಮಳೆಗಾಲದಲ್ಲಿ ಅದು ಗೌಡರ ಗದ್ದೆ. ಸ್ವಲ್ಪ ಉಪ್ಪು ತಾಗಿದರೂ ತಡಕೊಳ್ಳುವ ಕಗ್ಗ ಅನ್ನುವ ಭತ್ತ ಅಲ್ಲಿ ಆಳುದ್ದ ಬೆಳೆಯುತ್ತಿತ್ತಂತೆ. ಕುಯಿಲು ಮುಗಿದ ಮೇಲೆ ಅದೇ ಗಜನಿ ಅಂಬಿಗರ ಕೆರೆ. ಸಿಗಡಿ, ಏಡಿ, ಬುಟ್ಟಿ ಬುಟ್ಟಿ ಮೀನು. ಒಂದೇ ಹಾಸಿಗೆಯಲ್ಲಿ ಇಬ್ಬರು ಸರದಿ ಮೇಲೆ ಮಲಗಿದ ಹಾಗೆ ಅನ್ನಿ. ತಪ್ಪು ತಿಳಿಯಬೇಡಿ. ತಿಳಿದರೂ ಅಡ್ಡಿಯಿಲ್ಲ, ಕಥೆ ಆ ಕಡೆಗೇ ಹೋಗುತ್ತದೆ.

ಗಜನಿಗೂ ಕಡಲಿಗೂ ನಡುವೆ ಮಣ್ಣಿನ ಏರಿ. ಏರಿಯಲ್ಲಿ ಒಂದು ಬಾಗಿಲು. ಬಾಗಿಲು ಅಂದರೆ ಕದವಲ್ಲ, ಒಂದರ ಮೇಲೊಂದು ಇಳಿಸುವ ಮರದ ಹಲಗೆಗಳು. ಇಳಿಸಿದರೆ ಉಪ್ಪುನೀರು ಹೊರಗೆ, ಎತ್ತಿದರೆ ಒಳಗೆ. ಮಿರಗ ಮಳೆ, ಮೃಗಶಿರೆ ಅನ್ನಿ, ಹುಟ್ಟುವ ದಿನ ಗೌಡರು ಬಂದು ಹಲಗೆ ಇಳಿಸಬೇಕು. ದೀಪಾವಳಿ ಮುಗಿದ ಮರುದಿನ ಅಂಬಿಗರು ಬಂದು ಎತ್ತಬೇಕು. ಭತ್ತ ನಿಂತಿರುವಾಗ ಅಂಬಿಗರು ಬಲೆ ತೋರಿಸುವ ಹಾಗಿಲ್ಲ, ಮೀನಿನ ಕಾಲದಲ್ಲಿ ಗೌಡರು ಹಲಗೆ ಮುಟ್ಟುವ ಹಾಗಿಲ್ಲ. ಅಜ್ಜನ ಅಜ್ಜಂದಿರು ಮಾಡಿಟ್ಟ ಕಟ್ಟುಪಾಡು.

ಇದರ ಮೇಲೆ ಅರಸನದೊಂದು ಕಟ್ಟು. ಷಷ್ಠಿ ಹಬ್ಬದ ದಿನ ಗಜನಿಯಿಂದ ಅರಮನೆಗೆ ಒಂದು ಬುಟ್ಟಿ ಹೊಸ ಅಕ್ಕಿ, ಒಂದು ಬುಟ್ಟಿ ಮೀನು ಹೋಗಬೇಕು. ಎರಡರಲ್ಲಿ ಒಂದು ಬುಟ್ಟಿ ತಪ್ಪಿದರೂ ಗಜನಿ ಅರಸನದು, ಅವನು ಬೇಕಾದವರಿಗೆ ಕೊಟ್ಟುಬಿಡಬಹುದು. ಬೇಕಾದವನು ಯಾರು? ಉಪ್ಪಿನ ಪುರುಸಯ್ಯ. ಹೊಳೆಯಾಚೆ ಅವನ ಉಪ್ಪಿನ ಆಗರವಿತ್ತು. ಈಚೆ ದಂಡೆಗೂ ಉಪ್ಪುನೀರು ನಿಲ್ಲಿಸಿ ಆಗರ ಮಾಡಬೇಕು, ಭತ್ತವೂ ಬೇಡ ಮೀನೂ ಬೇಡ ಅಂತ ಅವನಿಗೆ ಹಗಲುಗನಸು. ಅವನ ಮೊದಲ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಎರಡನೆಯವಳು ಮೊದಲಿನವಳ ಸೀರೆ ಉಟ್ಟುಕೊಂಡೇ ಮನೆ ಹೊಕ್ಕಳು ಅಂತ ಜನ ಹೇಳುತ್ತಿದ್ದರು. ಅದೊಂದು ಬೇರೆ ಕಥೆ, ಬಲು ಚೆಂದದ ಕಥೆ, ಆದರೆ ಈಗ ಬೇಡ.

ಅಂಬಿಗರ ಕೇರಿಯಲ್ಲಿ ಕುಸ್ಲಿ ಅಂತ ಒಬ್ಬಳಿದ್ದಳಂತೆ. ಗಂಡ ಕಡಲಿಗೆ ಹೋದವನು ಕಡಲಲ್ಲೇ ಉಳಿದ. ಗಂಡನ ಮನೆಯವರಿಗೆ ಹಲಗೆ ಎತ್ತುವ ಹಕ್ಕಿತ್ತು, ಅದು ಇವಳ ಪಾಲಿಗೆ ಬಂತು. ಎತ್ತಿದ ಹಲಗೆ ಬೇಸಿಗೆಯೆಲ್ಲ ಅವಳ ಹಿತ್ತಲಲ್ಲಿ ಒರಗಿರುತ್ತಿದ್ದವು. ಮೀನು ಮಾರುತ್ತ ಊರೂರು ತಿರುಗುವವಳು, ಯಾವ ಮನೆಯಲ್ಲಿ ಯಾರು ಯಾರ ಜೊತೆ ಮಾತುಬಿಟ್ಟಿದ್ದಾರೆ, ಯಾರು ಯಾರ ಜೊತೆ ಮಾತು ಹೆಚ್ಚು ಮಾಡಿದ್ದಾರೆ, ಎಲ್ಲ ಅವಳ ಬುಟ್ಟಿಯ ತಳದಲ್ಲಿ. ಕೊಪ್ಪದ ಕಡೆಯಿಂದ ಹಲಗೆ ಇಳಿಸುವವನು ಗೋಯ್ದು ಗೌಡ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಸಿಟ್ಟು.

ಇಬ್ಬರೂ ಮುಖ ನೋಡುವುದು ವರ್ಷಕ್ಕೆ ಎರಡೇ ಸಲ. ಎರಡು ಸಲವೂ ಜಗಳ. ಅದೂ ಎಂಥ ಜಗಳ ಅಂದರೆ, ಒಬ್ಬರಿಗೊಬ್ಬರು ಏನೂ ಅಲ್ಲದವರು ಅಷ್ಟು ಮನಸಿಟ್ಟು ಜಗಳ ಆಡಲಿಕ್ಕೆ ಸಾಧ್ಯವಿಲ್ಲವಂತೆ. ಊರಿನ ಹೆಂಗಸರೆಲ್ಲ ಒಲೆ ಆರಿಸಿ ಬಂದು ಏರಿಯ ಮೇಲೆ ಕೂರುತ್ತಿದ್ದರಂತೆ. ನಾನಾದರೂ ಕೂರುತ್ತಿದ್ದೆ.

ಇನ್ನು ಮಳೆಯ ಸುದ್ದಿ. ಮಳೆ ಅಂದರೆ ನೀವು ತಿಳಿದ ಹಾಗೆ ಬರೀ ನೀರಲ್ಲ, ಅವರು ಅಕ್ಕತಂಗಿಯರು. ರೋಹಿಣಿ, ಮಿರಗ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆ, ಮಘೆ, ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆ, ಸ್ವಾತಿ, ಹೀಗೆ ಸಾಲು. ಅಷ್ಟೂ ಜನರನ್ನು ಒಂದೇ ಮನೆಗೆ, ಕಡಲಿನ ಮನೆಗೆ ಕೊಟ್ಟಿತ್ತು. ಕಡಲವ್ವ ಅವರ ಅತ್ತೆ. ತವರು ಮೇಲಿನ ಘಟ್ಟದಲ್ಲಿ. ವರ್ಷಕ್ಕೊಮ್ಮೆ ಒಬ್ಬೊಬ್ಬಳನ್ನೇ ಸರದಿ ಪ್ರಕಾರ ಅತ್ತೆ ತವರಿಗೆ ಕಳಿಸುತ್ತಿದ್ದಳು. ಮಿರಗ ಬಂದು ಹೋದ ಮೇಲೆ ಆರಿದ್ರೆ, ಆರಿದ್ರೆ ಹೋದ ಮೇಲೆ ಪುನರ್ವಸು. ದಾರಿ ಇದೇ ಊರಿನ ಮೇಲೆ. ಹೋಗುವಾಗ ಗಜನಿಯ ಉಪ್ಪು ತೊಳೆದು, ಕೆಸರು ಹದ ಮಾಡಿ, ತಲೆಗೂದಲು ಹಿಂಡಿಕೊಂಡು ಘಟ್ಟ ಹತ್ತುತ್ತಿದ್ದರು.

ಒಂದು ವರ್ಷ ಏನಾಯಿತಂತೆ, ಮಿರಗದ ದಿನ ಬಂತು, ಮಿರಗ ಬರಲಿಲ್ಲ.

ದಿನ ಬಂದದ್ದೇ ಗೋಯ್ದು ಗೌಡ ಕುಸ್ಲಿಯ ಹಿತ್ತಲಿಗೆ ಬಂದ. ಹಿಂದಿನ ಸಂಜೆಯೇ ಅವನ ಕೊಪ್ಪದಲ್ಲಿ ಬೀಜದ ಭತ್ತದ ಮುಡೆಗಳನ್ನೆಲ್ಲ ನೀರಲ್ಲಿ ನೆನೆಹಾಕಿ ಆಗಿತ್ತು. ಹುಲ್ಲಿನಲ್ಲಿ ಕಟ್ಟಿದ ಮುಡೆ ನೀರು ಕುಡಿದರೆ ಮೊಳಕೆ ಬಂದೇ ಬಂತು, ಆಮೇಲೆ ಕಾಯುವುದಿಲ್ಲ. ಒಂದೇ ಒಂದು ಮುಡೆ ಮಾತ್ರ ಅಟ್ಟದ ಮೇಲೆ ಹೊಗೆಯಲ್ಲಿ ಉಳಿದಿತ್ತಂತೆ.

"ಗೌಡ್ರೇ, ಮುಗಿಲಲ್ಲಿ ಹತ್ತಿಯ ಚೂರೂ ಇಲ್ಲ," ಅಂದಳು ಕುಸ್ಲಿ. "ಅವಳು ಬರಲಿ, ಆಮೇಲೆ ಹಲಗೆ ಇಳಿಸಿ. ಸಿಗಡಿ ಇನ್ನೂ ಬೆರಳುದ್ದ ಆಗಿಲ್ಲ."

"ದಿನ ಅಂದ್ರೆ ದಿನ. ನಿನ್ನ ಸಿಗಡಿಗೋಸ್ಕರ ನನ್ನ ಮೊಳಕೆ ಕಾಯ್ತದಾ?"

"ನಿಮ್ಮ ಮೊಳಕೆ ಉಪ್ಪು ತಿಂದು ಬದುಕ್ತದಾ?"

"ಮಿರಗ ಬಂದು ತೊಳೀತಾಳೆ."

"ನಿಮಗೆ ಹೇಳಿ ಕಳಿಸಿದಾಳಾ?"

"ಗಜನಿ ಉಪ್ಪಾಗೋದಕ್ಕೆ ಕಡಲೇ ಬೇಕಂತಿಲ್ಲ ಕುಸ್ಲಿ, ನಿನ್ನ ಬಾಯಿ ಸಾಕು," ಅಂತ ಹೇಳಿ ಅವನು ಹಲಗೆಗಳನ್ನು ಹೆಗಲ ಮೇಲಿಟ್ಟುಕೊಂಡು ಹೊರಟೇಬಿಟ್ಟ.

ಹಲಗೆ ಇಳಿಯಿತು. ಒಳಗಿದ್ದ ಉಪ್ಪುನೀರು ಒಳಗೇ ಉಳಿಯಿತು. ಹೊಸನೀರು ಬರುವ ದಾರಿ ಇಲ್ಲ, ಹಳೆನೀರು ಹೋಗುವ ದಾರಿ ಇಲ್ಲ, ಮೇಲೆ ಕೆಂಡದಂಥ ಬಿಸಿಲು. ಗಜನಿ ಹಂಚಿನ ಮೇಲಿಟ್ಟ ಹಾಗೆ ಕಾಯಿತು. ನೀರು ಬತ್ತಿದ ಹಾಗೆ ಉಪ್ಪು ಗಟ್ಟಿಯಾಯಿತು. ಸಿಗಡಿಗಳು ಕೆಂಪಗೆ ತೇಲಿದವು, ಸಾರು ಮಾಡುವ ಕೆಲಸವನ್ನು ಸೂರ್ಯನೇ ಅರ್ಧ ಮುಗಿಸಿದ್ದ. ಮೊಳಕೆಯೊಡೆದ ಬೀಜವನ್ನು ಗೌಡರು ಇನ್ನು ಇಟ್ಟುಕೊಳ್ಳಲಾಗದೆ ಕೆಸರಿಗೆ ಎರಚಿದರು. ಎರಚಿದ್ದು ಸುಟ್ಟುಹೋಯಿತು. ಸುಟ್ಟದ್ದನ್ನು ಕೊಕ್ಕರೆಗಳು ಕೂಡ ಮೂಸಲಿಲ್ಲವಂತೆ.

ಆಗ ನೋಡಿ, ಯಾವತ್ತೂ ಇನ್ನೊಬ್ಬರ ಕೆಲಸಕ್ಕೆ ಹೋಗದ ಜನ, ಅಂಬಿಗರೂ ಗೌಡರೂ, ಒಬ್ಬರ ಮುಖ ಒಬ್ಬರು ನೋಡದೆ ದೋಣಿ ಹತ್ತಿ ಪುರುಸಯ್ಯನ ಆಗರಕ್ಕೆ ಉಪ್ಪು ಹೊರಲಿಕ್ಕೆ ಹೊರಟರು. ಮೀನು ಮಾರುವ ಹೆಂಗಸರ ಬುಟ್ಟಿಯಲ್ಲಿ ಮೀನಿನ ಬದಲು ಗೆಣಸಿನ ಬಳ್ಳಿ. ಕೊಪ್ಪದ ಮದುಮಗಳ ಕೊರಳ ಕರಿಮಣಿ ಸರ ಕೂಡ ಒತ್ತೆ ಬಿದ್ದು ಪುರುಸಯ್ಯನ ಎರಡನೇ ಹೆಂಡತಿಯ ಕೊರಳಿಗೆ ಹೋಯಿತು ಅಂತ ಸುದ್ದಿ. ಪುರುಸಯ್ಯ ದಿನಾ ಸಂಜೆ ಏರಿಯ ಮೇಲೆ ಗಾಳಿ ತಿನ್ನಲಿಕ್ಕೆ ಬರತೊಡಗಿದ. ಗಾಳಿ ತಿನ್ನುವವನು ಹೆಜ್ಜೆ ಹಾಕಿ ಬಯಲು ಅಳೆಯುತ್ತಾನಾ?

ಒಂದು ಮಧ್ಯಾಹ್ನ ಕುಸ್ಲಿ ಏರಿಯ ಬಾಗಿಲ ಹತ್ತಿರ ಒಬ್ಬಳೇ ಕೂತು ಕವಳ ಹಾಕುತ್ತಿದ್ದಳಂತೆ. ಅಷ್ಟೊತ್ತಿಗೆ ಕಡಲ ಕಡೆಯಿಂದ ಒಬ್ಬ ಹೆಂಗಸು ಏಳುತ್ತ ಬೀಳುತ್ತ ಓಡಿ ಬಂದಳು. ಕಪ್ಪು ಸೀರೆ, ಬಿಚ್ಚಿದ ಕೂದಲು, ಕಾಲಿಟ್ಟಲ್ಲೆಲ್ಲ ನೆಲ ಒದ್ದೆ. ಯಾರು ಅಂತ ಹೇಳಬೇಕಾಗಿರಲಿಲ್ಲ.

"ಬಾ ತಂಗೀ, ಕೂರು," ಅಂದಳು ಕುಸ್ಲಿ. "ಪುನರ್ವಸು ಬರುವ ಹೊತ್ತಿಗೆ ಮಿರಗ ಬಂದದ್ದನ್ನ ಇವತ್ತೇ ನೋಡಿದ್ದು. ಎಲ್ಲಿದ್ದಿ, ಯಾರ ಜೊತೆ ಇದ್ದಿ?"

"ಅಯ್ಯೋ ಅಕ್ಕಾ, ನೀನೂ ಹಾಗೇ ಕೇಳ್ತಿಯಾ," ಅಂತ ಮಿರಗ ಅತ್ತಳು. ಅತ್ತದ್ದಕ್ಕೆ ನಾಲ್ಕು ಹನಿ ಬಿತ್ತು.

ಕುಸ್ಲಿ ಅವಳ ಕೈಗೆ ಎಲೆಅಡಿಕೆ ಕೊಟ್ಟಳು. ಕವಳ ಬಾಯಿಗೆ ಬಿದ್ದ ಹೆಂಗಸು ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಾಳಾ? ಎಲ್ಲ ಹೊರಗೆ ಬಂತು. ಅತ್ತೆಮನೆ ಮೊದಲಿನ ಹಾಗಿಲ್ಲವಂತೆ. ಅತ್ತೆಗೆ ಮೈಯೆಲ್ಲ ಕಾವು, ಜ್ವರ ಬಂದ ಹಾಗೆ ಸುಡುತ್ತಾಳಂತೆ. ಕಾವೇರಿದಾಗ ಯಾವ ಸೊಸೆ ಯಾರು ಅಂತಲೂ ಗುರುತಿಲ್ಲ. ಸರದಿ ಇದ್ದವಳನ್ನು ಒಳಗೆ ಕೂಡಿಹಾಕುತ್ತಾಳೆ, ಸರದಿ ಇಲ್ಲದವಳನ್ನು ಬುಟ್ಟಿ ಸಮೇತ ಹೊರಗೆ ನೂಕುತ್ತಾಳೆ. ಹೋದ ಸಲ ಮಘೆ, ಹುಬ್ಬೆ, ಉತ್ತರೆ ಮೂವರೂ ಒಟ್ಟಿಗೆ ದಾರಿಗೆ ಬಿದ್ದು, ಒಬ್ಬರ ಸೆರಗು ಒಬ್ಬರು ತುಳಿದು, ಅರ್ಧ ಊರು ಕೊಚ್ಚಿಕೊಂಡು ಹೋಗಿತ್ತಲ್ಲ, ಅದು ಅತ್ತೆಯ ಕೆಲಸ.

"ಮತ್ತೆ ನೀನು ಹೇಗೆ ಬಂದಿ?"

"ಅತ್ತೆ ದಿನಕ್ಕೆ ಎರಡು ಸಲ ಸ್ವಲ್ಪ ಕಣ್ಣು ಮುಚ್ತಾಳೆ ಅಕ್ಕಾ. ಮೈ ಸಡಿಲ ಬಿಟ್ಟು ಹಿಂದಕ್ಕೆ ಸರೀತಾಳೆ. ಆ ಹೊತ್ತಲ್ಲಿ ಹಿಂದಿನ ಬಾಗಿಲಿಂದ ತಪ್ಪಿಸಿಕೊಂಡೆ."

"ಮುಂದಿನ ವರ್ಷ ಯಾವತ್ತು ಬರ್ತಿ? ಒಂದು ದಿನ ಹೇಳು."

ಮಿರಗ ಎದ್ದು ನಿಂತಳು. "ಹೇಗೆ ಹೇಳಲಿ. ಅತ್ತೆ ಬಿಟ್ಟ ದಿನ ಬಂದೆ, ಬಿಡದ ದಿನ ಬರಲಿಲ್ಲ. ನಿಮ್ಮೂರಿನವರಿಗೆ ಹೇಳು, ನನ್ನ ದಿನ ನಂಬಿಕೊಂಡು ಕೂರಬೇಡಿ."

ಅಷ್ಟು ಹೇಳಿ ಅವಳು ಗಜನಿಯ ಮೇಲೆ ಹಾದು ಘಟ್ಟದ ಕಡೆ ಓಡಿದಳು. ಅವಳು ಹಾದದ್ದಕ್ಕೆ ಗಜನಿ ತುಂಬಿ, ಉಪ್ಪು ತೊಳೆದು, ಏರಿಯ ಮೇಲಿಂದ ನೀರು ಹರಿಯಿತಂತೆ. ಗೋಯ್ದು ಗೌಡ ಅಟ್ಟದಿಂದ ಆ ಒಂದೇ ಮುಡೆ ಇಳಿಸಿ, ನೆನೆಹಾಕಿ, ಬಿತ್ತಿದ. ಕಾಲ ಮೀರಿ ಬಿತ್ತಿದ್ದು ಕಾಲ ಮೀರಿ ಬೆಳೆಯಿತು. ಅಕ್ಕತಂಗಿಯರು ಆ ವರ್ಷ ಹಿಂದುಮುಂದಾಗಿ ಬಂದರು. ಸ್ವಾತಿ ಮುಗಿದ ಮೇಲೂ ಯಾರೋ ಒಬ್ಬಳು ಬಂದು ಕೊಡೆ ಬಿಚ್ಚಿಸಿದಳು. ಯಾರವಳು ಅಂತ ಇವತ್ತಿಗೂ ಗೊತ್ತಿಲ್ಲ, ಊರಿನ ತುಂಬ ಅನುಮಾನ.

ದೀಪಾವಳಿ ಬಂತು. ಬೇರೆ ವರ್ಷವಾದರೆ ಅಷ್ಟೊತ್ತಿಗೆ ಭತ್ತ ಕೊಯ್ದು ಕಣಜಕ್ಕೆ ಹೋಗಿರುತ್ತಿತ್ತು. ಈ ವರ್ಷ ತೆನೆ ಹಿಂಡಿದರೆ ಹಾಲು. ಹಲಗೆ ಎತ್ತಿದರೆ ಉಪ್ಪು ನುಗ್ಗಿ ಹಾಲು ಹಾಲಾಗಿಯೇ ಸಾಯುತ್ತದೆ, ಅಕ್ಕಿಯ ಬುಟ್ಟಿ ಖಾಲಿ. ಎತ್ತದಿದ್ದರೆ ಕಡಲ ಮೀನು ಒಳಗೆ ಬರುವುದಿಲ್ಲ, ಮೀನಿನ ಬುಟ್ಟಿ ಖಾಲಿ. ಯಾವ ಬುಟ್ಟಿ ಖಾಲಿಯಾದರೂ ಗಜನಿ ಪುರುಸಯ್ಯನ ಬಾಯಿಗೆ. ಷಷ್ಠಿಗೆ ಒಂದು ತಿಂಗಳು ಮಾತ್ರ.

ದೀಪಾವಳಿಯ ಮರುದಿನ ಏರಿಯ ಮೇಲೆ ಕಾಲಿಡಲಿಕ್ಕೆ ಜಾಗವಿಲ್ಲ. ಅಂಬಿಗರ ಹಿರಿಯ ಜಟ್ಟಣ್ಣ ಕೋಲೂರಿಕೊಂಡು ಹೇಳಿದನಂತೆ, "ಎತ್ತೇ ಕುಸ್ಲಿ. ಅವತ್ತು ಈ ಗೌಡ ಏನು ಹೇಳಿದ್ದ? ದಿನ ಅಂದ್ರೆ ದಿನ. ಇವತ್ತು ನಮ್ಮ ದಿನ."

ಕುಸ್ಲಿ ಸೀರೆ ಮೊಣಕಾಲಿನ ಮೇಲೆ ಕಚ್ಚೆಹಾಕಿ ಬಾಗಿಲಿಗೆ ಇಳಿದಳು. ಕೈ ಹಲಗೆಯ ಮೇಲೆ. ಗೋಯ್ದು ಗೌಡ ಆಚೆ ಪಕ್ಕದಲ್ಲಿ ನಿಂತಿದ್ದಾನೆ. ಬೇಡ ಅನ್ನಲಿಕ್ಕೆ ಹಕ್ಕಿಲ್ಲ, ಬೇಡಿಕೊಳ್ಳಲಿಕ್ಕೆ ಗಂಟಲಿಲ್ಲ.

"ಏನು ಗೌಡ್ರೇ, ಇವತ್ತು ಮಾತಿಲ್ಲ?"

"ನಿನ್ನ ದಿನ. ಎತ್ತು," ಅಂದ ಅವನು.

"ನಾನು ಎತ್ತಿದ್ರೆ ನಿಮ್ಮ ಭತ್ತ ಸಾಯ್ತದೆ."

"ಗೊತ್ತು."

"ಸತ್ರೆ ನಿಮ್ಮ ಕಗ್ಗದ ಬೀಜ ಈ ಲೋಕದಲ್ಲೇ ಇಲ್ಲ."

"ಅದೂ ಗೊತ್ತು. ನನ್ನ ಬಾಯಿಂದ ಹೇಳಿಸಿ ಏನು ಮಾಡ್ತಿ? ಅವತ್ತು ನಿನ್ನ ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆಯ್ತಾ?"

ಏರಿಯ ಮೇಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರಂತೆ. ಗೋಯ್ದು ಗೌಡನ ಬಾಯಲ್ಲಿ ಅಂಥ ಮಾತು, ಅದೂ ಒಂದು ಹೆಂಗಸಿಗೆ. ಕುಸ್ಲಿ ಬಗ್ಗಿ ನೀರನ್ನೇ ನೋಡಿದಳು. ಭತ್ತದ ಬುಡದಲ್ಲಿ ಮಳೆನೀರಿನ ಮೀನು ಹೊರಳುತ್ತಿದ್ದವು, ಗಜನಿ ತುಂಬಿ ತುಳುಕುತ್ತಿತ್ತು. ಭತ್ತದೊಳಗಿನ ಮೀನಿಗೆ ಆ ಊರಲ್ಲಿ ಒಡೆಯರೇ ಇಲ್ಲ. ಗೌಡರಿಗೆ ಬಲೆ ಗೊತ್ತಿಲ್ಲ, ಅಂಬಿಗರು ಬಲೆ ಹಾಕುವ ಹಾಗಿಲ್ಲ. ಅಜ್ಜನ ಅಜ್ಜಂದಿರ ಕಾಲದಿಂದ ಅವು ಹುಟ್ಟಿ, ಬೆಳೆದು, ಕೊಕ್ಕರೆಯ ಹೊಟ್ಟೆಗೆ ಹೋಗುತ್ತಿದ್ದವು.

"ಗೌಡ್ರೇ," ಅಂದಳು, "ಕಡಲವ್ವ ದಿನಕ್ಕೆ ಎರಡು ಸಲ ನಿದ್ದೆ ಮಾಡ್ತಾಳೆ."

"ಏನು ಹೇಳ್ತಿದಿ?"

"ಇಳಿತದ ಹೊತ್ತು. ಆಗ ಹೊರಗಿನ ನೀರು ಕೆಳಗೆ, ಒಳಗಿನ ನೀರು ಮೇಲೆ. ತಳದ ಹಲಗೆಯನ್ನ ಮೇಲಿನವುಗಳ ಸಮೇತ ಬರೀ ಒಂದು ಗೇಣು ಎತ್ತಿದ್ರೆ ಒಳಗಿನ ಸಿಹಿನೀರು ಹೊರಗೆ ಓಡ್ತದೆ, ಜೊತೆಗೆ ಮೀನು ಓಡ್ತದೆ. ಬಾಯಿಗೆ ನಾನು ಬಲೆ ಹಿಡೀತೇನೆ. ಅವಳು ಕಣ್ಣು ಬಿಡೋ ಮೊದಲು ಹಲಗೆ ಕೆಳಗೆ ಬಿಟ್ಟರೆ ಒಂದು ಹನಿ ಉಪ್ಪು ಒಳಗೆ ಬರೋದಿಲ್ಲ. ಆದ್ರೆ ನನಗಿರೋದು ಎರಡೇ ಕೈ, ಎರಡೂ ಬಲೆಯಲ್ಲಿ. ಹಲಗೆ ಹಿಡಿಯೋದಕ್ಕೆ ಗಟ್ಟಿ ರಟ್ಟೆ ಬೇಕು. ಆ ರಟ್ಟೆ, ಭತ್ತ ಸತ್ರೆ ತನಗೆ ಹೊಟ್ಟೆ ಉರೀತದೆ ಅನ್ನೋವನದ್ದೇ ಆಗಬೇಕು."

"ಗೌಡರ ಮನೆ ಗಂಡಸು ಅಂಬಿಗಿತ್ತಿಯ ಬಲೆ ಹತ್ತಿರ ನೀರಲ್ಲಿ ನಿಲ್ಲೋದಾ," ಅಂತ ಕೊಪ್ಪದ ಹಿರಿಯ ಬೊಮ್ಮು ಗೌಡ ಕೂಗಿದ.

"ಭತ್ತ ನಿಂತಾಗ ಬಲೆ ತೆಗೆಯೋದಾ," ಅಂತ ಜಟ್ಟಣ್ಣ ಕೂಗಿದ.

ಎರಡು ಕೇರಿಯ ಹಿರಿಯರು ಒಂದೇ ಮಾತು ಆಡಿದ್ದು ಅದೇ ಮೊದಲಂತೆ.

ಗೋಯ್ದು ಗೌಡ ತಲೆಗೆ ಸುತ್ತಿದ ವಸ್ತ್ರ ತೆಗೆದು ಸೊಂಟಕ್ಕೆ ಬಿಗಿದು ನೀರಿಗೆ ಇಳಿದ. ಮಾತು ಕಡಿಮೆಯವನು, ಇಳಿದದ್ದೇ ಮಾತು.

ಅವತ್ತಿನಿಂದ ಶುರು. ಇಳಿತ ಯಾರು ಏಳುವ ಹೊತ್ತನ್ನೂ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ, ನಾಲ್ಕು ದಿನ ಬಿಟ್ಟರೆ ಮಧ್ಯಾಹ್ನ, ಆಮೇಲೆ ಸಂಜೆ. ಕಡಲವ್ವ ಕಣ್ಣು ಮುಚ್ಚಿದಾಗಲೆಲ್ಲ ಇವರಿಬ್ಬರೂ ಏರಿಯ ಬಾಗಿಲಲ್ಲಿ ಎದೆಮಟ್ಟ ನೀರಲ್ಲಿ. ಅವನು ಹಲಗೆ ಹಿಡಿದು, ಅವಳು ಬಲೆ ಹಿಡಿದು. ಮೊದಲು ಬೈಗುಳ ಕೇಳಿಸುತ್ತಿತ್ತು. ಆಮೇಲೆ ಮಾತು ಕೇಳಿಸಿತು. ಆಮೇಲೆ ನಗು ಕೇಳಿಸಿತು, ಗೋಯ್ದು ಗೌಡನ ನಗು. ಅವನಿಗೆ ಹಲ್ಲಿದೆ ಅಂತ ಊರಿಗೆ ಗೊತ್ತಾದದ್ದೇ ಅವತ್ತು. ಬಲೆಯಲ್ಲಿ ಸಿಕ್ಕ ಮೀನನ್ನು ಕುಸ್ಲಿ ದಂಡೆಯ ಪಕ್ಕ ಬಿದಿರಿನ ತಟ್ಟಿ ಕಟ್ಟಿ ನೀರಲ್ಲೇ ಜೀವಂತ ಇಟ್ಟಳು. ಹೆಚ್ಚಾದದ್ದನ್ನು ಎರಡು ಕೇರಿಗೂ ಹಂಚಿದಳು. ಉಪ್ಪು ಹೊರಲಿಕ್ಕೆ ಹೋಗುತ್ತಿದ್ದ ಗಂಡಸರು ಒಬ್ಬೊಬ್ಬರೇ ದೋಣಿ ಹತ್ತುವುದನ್ನು ಬಿಟ್ಟರು.

ಪುರುಸಯ್ಯನಿಗೆ ಹೊಟ್ಟೆ ಉರಿಯಿತು. ಏರಿ ಒಡೆಯುವ ಧೈರ್ಯ ಇಲ್ಲ, ಬಾಯಿ ಇದೆಯಲ್ಲ. ಕೊಪ್ಪಕ್ಕೆ ಹೋಗಿ, "ನಿಮ್ಮ ಗೋಯ್ದು ಅಂಬಿಗರ ಮನೆ ಅಳಿಯ ಆಗ್ತಾನಂತೆ," ಅಂದ. ಅಂಬಿಗರ ಕೇರಿಗೆ ಹೋಗಿ, "ನಿಮ್ಮ ಕುಸ್ಲಿ ಕೊಪ್ಪದ ಸೊಸೆ ಆಗ್ತಾಳಂತೆ, ಬಲೆ ಸಮೇತ," ಅಂದ. ಅವನಾಗಿ ಹೇಳಬೇಕಾಗಿಯೂ ಇರಲಿಲ್ಲ, ಊರಿಗೇ ಅಷ್ಟು ಕಾಣುತ್ತಿತ್ತು. ಆದರೆ ಪಿಸುಗುಟ್ಟುವ ಮಾತನ್ನು ಅವನು ಕೂಗುವ ಮಾತು ಮಾಡಿದ. ಕೂಗಿದ ಮೇಲೆ ಹಿರಿಯರಿಗೆ ಸುಮ್ಮನೆ ಕೂರಲಾಗುತ್ತದಾ?

ಷಷ್ಠಿ ಹತ್ತಿರ ಬಂತು. ತೆನೆ ಬಾಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು, ಕೊಯ್ಯಲಿಕ್ಕೆ ಇನ್ನು ಎರಡು ದಿನ. ಒಂದು ಸಂಜೆ ಇಬ್ಬರೂ ನೀರಲ್ಲಿದ್ದಾರೆ, ಹಲಗೆ ಎತ್ತಿ ಆಗಿದೆ, ಬಲೆ ತುಂಬಿ ಭಾರವಾಗಿದೆ, ಇಳಿತ ಮುಗಿದು ಕಡಲವ್ವ ಮೈಮುರಿಯುವ ಹೊತ್ತು. ಎರಡು ಕೇರಿಯ ಹಿರಿಯರು ಒಟ್ಟಿಗೆ ಏರಿಯ ಮೇಲೆ ಬಂದು ನಿಂತರು. ಹಿಂದೆ ಪುರುಸಯ್ಯ.

"ಗೋಯ್ದು, ಈಗಿಂದೀಗ ಮೇಲೆ ಬಾ," ಅಂದ ಬೊಮ್ಮು ಗೌಡ. "ಬರದಿದ್ರೆ ಕೊಪ್ಪದಲ್ಲಿ ನಿನಗೆ ನೀರಿಲ್ಲ, ಬೆಂಕಿಯಿಲ್ಲ."

"ನೀನೂ ಬಾರೇ. ಬಲೆ ಬಿಟ್ಟು ಬಾ," ಅಂದ ಜಟ್ಟಣ್ಣ.

ಬಲೆ ಬಿಟ್ಟರೆ ಮೀನು ಹೋಯಿತು. ಹಲಗೆ ಬಿಡೋಣ ಅಂದರೆ ಬಲೆಯ ಬಾಯಿ ಅದರ ಕೆಳಗೇ ಇದೆ, ಎಳೆದು ತೆಗೆಯುವವರೆಗೆ ಅದು ಕೂರುವುದಿಲ್ಲ. ಗೋಯ್ದು ಗೌಡ ಹಲಗೆಗೆ ಹೆಗಲನ್ನೂ ಕೊಟ್ಟು ನಿಂತ. ಹೊರಗಡೆ ನೀರು ಆಗಲೇ ನಿಧಾನ ಮೇಲೇರುತ್ತಿತ್ತು, ನೊರೆಯ ಗೆರೆಯೊಂದು ಬಾಗಿಲ ಕಡೆಗೇ ಬರುತ್ತಿತ್ತು.

"ನೀನು ಹೋಗ್ತಿಯಾ?" ಅಂತ ಕುಸ್ಲಿ ಮೆಲ್ಲಗೆ ಕೇಳಿದಳು. ಅವತ್ತೇ ಮೊದಲು ಅವಳು ಅವನಿಗೆ ಏಕವಚನದಲ್ಲಿ ಮಾತಾಡಿದ್ದು.

"ನೀನು ಬಲೆ ಎಳಿ," ಅಂದ ಅವನು. "ನಾನು ಹಲಗೆ ಬಿಡೋದು ನೀನು ಹೇಳಿದ ಮೇಲೆ."

ಆಗ ಕುಸ್ಲಿ ಬಲೆ ಎಳೆಯುತ್ತ ಎಳೆಯುತ್ತ ತನ್ನ ಬುಟ್ಟಿಯ ತಳ ಬಿಚ್ಚಿದಳು ನೋಡಿ.

"ಬೊಮ್ಮಣ್ಣಾ, ನೀರು ಬೆಂಕಿ ನಿಲ್ಲಿಸೋ ಮೊದಲು ಒಂದು ಮಾತು. ಹೋದ ಹೋಳಿಗೆ ನೀನು ಕಳೆದುಕೊಂಡ ಬೆಳ್ಳಿಯ ಉಡಿದಾರ ಹೊಳೆಯಾಚೆ ಯಾರ ಮನೆ ಗಿಳಿಗೂಟಕ್ಕೆ ತೂಗ್ತಾ ಇದೆ ಅಂತ ಹೇಳಲಾ? ನಿನ್ನ ಹೆಂಡ್ತಿ ಅಲ್ಲೇ ನಿಂತಿದಾಳೆ, ಅವಳಿಗೂ ಕೇಳಿಸ್ತದೆ."

ಬೊಮ್ಮು ಗೌಡನಿಗೆ ಕೆಮ್ಮು ಬಂತು.

"ಜಟ್ಟಣ್ಣಾ, ನಿನ್ನ ಕಿರಿಮಗ ಘಟ್ಟದ ಮೇಲಿಂದ ತಂದ ಸೊಸೆ ನಮ್ಮ ಜಾತಿ ಅಂತ ಹೇಳಿಕೊಂಡು ತಿರುಗ್ತಿದಿಯಲ್ಲ. ಅವಳ ತವರಿನ ಅಂಗಳದಲ್ಲಿ ನಾನು ಮೀನು ಮಾರಲಿಕ್ಕೆ ಹೋಗಿದ್ದೆ. ಅಲ್ಲಿ ಅವರು ಮೀನು ಅಂದ್ರೆ ಮೂಗು ಮುಚ್ಚಿಕೊಂಡ್ರು. ಆ ಹುಡುಗಿ ಒಳ್ಳೆಯವಳು, ನಾನು ಇಷ್ಟು ದಿನ ಹೇಳಿಲ್ಲ. ಹೇಳಲಾ?"

ಜಟ್ಟಣ್ಣನಿಗೆ ಮನೆಯಲ್ಲಿ ದೋಣಿಗೆ ಎಣ್ಣೆ ಬಳಿಯುವುದಿತ್ತು ಅಂತ ನೆನಪಾಯಿತಂತೆ.

"ಪುರುಸಯ್ಯ ಒಡೆಯರೇ, ನಿಮ್ಮ ಮೊದಲ ಹೆಂಡ್ತಿ ಯಾವ ಊರಲ್ಲಿ, ಯಾರ ಮನೆಯಲ್ಲಿ, ಎಷ್ಟು ಸುಖವಾಗಿದಾಳೆ ಅಂತ ಗೊತ್ತುಂಟಾ? ನಾನು ಅವಳ ಕೈಯಿಂದ ಮಜ್ಜಿಗೆ ಕುಡಿದು ಬಂದವಳು. ಅವಳು ನಿಮ್ಮ ಬಗ್ಗೆ ಹೇಳಿದ್ದು ಬಹಳ ಇದೆ. ಇಲ್ಲಿ ಮಕ್ಕಳಿದಾರೆ, ಮಕ್ಕಳನ್ನ ಕಳಿಸಿ ಹೇಳ್ತೇನೆ."

ಮಕ್ಕಳನ್ನು ಯಾರೂ ಕಳಿಸಲಿಲ್ಲ. ಪುರುಸಯ್ಯನೇ ಹೋದ. ಅವನ ಹಿಂದೆ ಒಬ್ಬೊಬ್ಬರೇ ಹಿರಿಯರು, ಒಬ್ಬನಿಗೆ ಹಸು ಕರೆಯುವುದಿತ್ತು, ಒಬ್ಬನಿಗೆ ಸೊಂಟ ನೋವಿತ್ತು. ಏರಿ ಖಾಲಿಯಾಗುವುದಕ್ಕೂ ಬಲೆ ಪೂರ್ತಿ ಮೇಲೆ ಬರುವುದಕ್ಕೂ ಸರಿಹೋಯಿತು.

"ಬಿಡು," ಅಂದಳು ಕುಸ್ಲಿ.

ಹಲಗೆ ಧಡ್ಡನೆ ಕೂತಿತು. ನೊರೆಯ ಗೆರೆ ಬಂದು ಹಲಗೆಗೆ ಮುಖ ಒರೆಸಿಕೊಂಡು ಹೊರಗೇ ನಿಂತಿತು.

ಷಷ್ಠಿಯ ದಿನ ಎರಡು ಬುಟ್ಟಿ ಅರಮನೆಯ ಅಂಗಳಕ್ಕೆ ಹೋದವು. ಒಂದರಲ್ಲಿ ಕೆಂಪು ಕಗ್ಗದ ಅಕ್ಕಿ, ಇನ್ನೊಂದರಲ್ಲಿ ಇನ್ನೂ ಬಾಲ ಬಡಿಯುವ ಮೀನು. ಪುರುಸಯ್ಯ ಮೊದಲೇ ಬಂದು ಕಂಬದ ಪಕ್ಕ ನಿಂತಿದ್ದ.

"ಸ್ವಾಮೀ, ಇದು ಭತ್ತ ನಿಂತ ಕಾಲದಲ್ಲಿ ಹಿಡಿದ ಮೀನು. ಕಟ್ಟು ಮುರಿದ ಮೀನು," ಅಂದ.

ಅರಸ ಅವತ್ತು ಬೆಳಗಿನಿಂದ ಉಪವಾಸ, ಹಬ್ಬದ್ದು. ಮೀನು ನೋಡಿದ, ಪುರುಸಯ್ಯನನ್ನು ನೋಡಿದ, ಮತ್ತೆ ಮೀನು ನೋಡಿದ. "ಯಾಕೆ ಮುರಿದಿರಿ?" ಅಂತ ಕೇಳಿದ.

ಗೋಯ್ದು ಗೌಡ ಬಾಯಿ ತೆರೆಯುವುದರೊಳಗೆ ಕುಸ್ಲಿ ಹೇಳಿದಳು, "ಒಡೆಯಾ, ಮಿರಗ ಮೊದಲು ಮುರಿದಳು. ತನ್ನ ದಿನಕ್ಕೆ ಬರಲಿಲ್ಲ. ನಾವು ದಿನಕ್ಕೆ ಸರಿಯಾಗಿ ಬಾಗಿಲು ಹಾಕಿ ಒಂದು ಗಜನಿ ಮೀನು, ಒಂದು ಕೊಪ್ಪದ ಬೀಜ ಕೊಂದೆವು. ಎರಡನೇ ಸಲ ಹಾಗೆ ಮಾಡಲಿಕ್ಕೆ ಮನಸು ಬರಲಿಲ್ಲ."

"ಹಾಗಾದ್ರೆ ದಂಡ ಮೊದಲು ಮಿರಗಕ್ಕೆ ಹಾಕಬೇಕು," ಅಂದ ಅರಸ. "ಪುರುಸಯ್ಯಾ, ನೀನು ಹೋಗಿ ಅವಳನ್ನ ಕರಕೊಂಡು ಬಾ. ಅವಳು ಬಂದು ಅಂಗಳದಲ್ಲಿ ನಿಂತ ಮೇಲೆ ಇವರ ವಿಚಾರ ಮಾಡೋಣ." ಹೀಗಂದು ಎರಡೂ ಬುಟ್ಟಿಯನ್ನು ಅಡಿಗೆಮನೆಗೆ ಕಳಿಸಿದ. ಪುರುಸಯ್ಯ ಮಿರಗವನ್ನು ಹುಡುಕಲಿಕ್ಕೆ ಹೋದವನು ಇನ್ನೂ ಕೊಡೆ ಹಿಡಿದುಕೊಂಡು ತಿರುಗುತ್ತಿದ್ದಾನಂತೆ.

ಗಜನಿ ಉಳಿಯಿತು. ಹಳೇ ಕಟ್ಟು ಹೋಗಿ ಹೊಸ ಕಟ್ಟು ಬಂತು. ಹಲಗೆಗೆ ಇನ್ನು ದಿನವಿಲ್ಲ, ಮಳೆ ಬಂದು ನೆಲ ತೊಳೆದ ಮೇಲೆಯೇ ಇಳಿಸುವುದು, ಭತ್ತ ಕೊಯ್ದ ಮೇಲೆಯೇ ಎತ್ತುವುದು. ಮಳೆ ತಡವಾಗಿ ಭತ್ತ ಸೋತ ವರ್ಷ ಅಂಬಿಗರು ಕೊಪ್ಪಕ್ಕೆ ಮೀನು ಕೊಡಬೇಕು. ಮಳೆ ಹೋಗದೆ ಮೀನು ಸೋತ ವರ್ಷ ಗೌಡರು ಕೇರಿಗೆ ಅಕ್ಕಿ ಕೊಡಬೇಕು. ಭತ್ತದೊಳಗಿನ ಮೀನಿನಲ್ಲಿ ಇಬ್ಬರಿಗೂ ಸಮಪಾಲು. ಬೀಜದ ಮುಡೆಗಳನ್ನು ಎಲ್ಲ ಒಂದೇ ದಿನ ನೆನೆಹಾಕುವ ಹಾಗಿಲ್ಲ, ಅರ್ಧ ಅಟ್ಟದಲ್ಲೇ ಇರಬೇಕು. ಮಿರಗ ಆಮೇಲೆ ಕೆಲವು ವರ್ಷ ಬೇಗ ಬಂದಳು, ಕೆಲವು ವರ್ಷ ತಡವಾಗಿ ಬಂದಳು, ಒಂದು ವರ್ಷ ಬಂದು ಮುಖ ತೋರಿಸಿ ಓಡಿಹೋದಳು. ಊರು ಬೈದುಕೊಂಡು ಉಂಡಿತು.

ಇನ್ನು ಹಲಗೆ ಎಲ್ಲಿಡುವುದು ಅನ್ನುವ ಪ್ರಶ್ನೆ ಬಂತು. ಯಾವ ಹೊತ್ತಿಗೆ ಎತ್ತಬೇಕು, ಯಾವ ಹೊತ್ತಿಗೆ ಇಳಿಸಬೇಕು ಅಂತ ದಿನವಿಲ್ಲವಲ್ಲ, ಏರಿಯ ಹತ್ತಿರವೇ ಇರಬೇಕು, ಕಾಯಲಿಕ್ಕೆ ಎರಡು ಕೇರಿಯಿಂದಲೂ ಒಬ್ಬೊಬ್ಬರು ಇರಬೇಕು. ಹಿರಿಯರೇ ಕೂತು ತೀರ್ಮಾನ ಮಾಡಿದರು. ಬೊಮ್ಮು ಗೌಡನೂ ಜಟ್ಟಣ್ಣನೂ ಬಹಳ ಮೆತ್ತಗೆ ಮಾತಾಡಿದರಂತೆ. ಏರಿಯ ಮೇಲೆ ಒಂದು ಗುಡಿಸಲು ಕಟ್ಟುವುದು, ಜಾತಿ ಕೆಡಬಾರದು ನೋಡಿ, ಅದರೊಳಗೆ ಎರಡು ಒಲೆ ಹಾಕುವುದು. ಒಂದು ಕುಸ್ಲಿಗೆ, ಒಂದು ಗೋಯ್ದು ಗೌಡನಿಗೆ.

ಕಟ್ಟಿದರು. ಒಲೆ ಎರಡು ಹಾಕಿದರು. ಹೊಗೆ ಮಾತ್ರ ಒಂದರಿಂದಲೇ ಬರುತ್ತಿತ್ತಂತೆ.

ಅವರು ಅಲ್ಲಿ ಕಗ್ಗದ ಗಂಜಿಗೆ ಮೀನು ನಂಚಿಕೊಂಡು ಜಗಳವಾಡುತ್ತ ತಣ್ಣಗಿದ್ದರು, ನಾವು ಇಲ್ಲಿ ಅವರ ಸುದ್ದಿ ಆಡಿಕೊಂಡು ಬೆಚ್ಚಗಿದ್ದೇವೆ.